ಎಂಟು ಗಾಳಿಯಲ್ಲಿ, ಒಂದು ಕೈಯಲ್ಲಿ

ಈ ಕಡೆ ತಲೆ ಹಾಕದೆ ತುಂಬಾ ದಿನವಾಯ್ತು. ಆಫೀಸಿನಲ್ಲಿ ರಿಲೀಸ್, ರಿಲೀಸ್ ಆದ ಮೇಲೆ ಅದರ ಬಗ್‌ಗಳು, ಬಗ್ ಮುಗಿಯುವ ಹೊತ್ತಿಗೆ ಮುಂದಿನ ರಿಲೀಸ್... ಈ ನೆಪ ಹೇಳದ ಸಾಫ್ಟ್‌ವೇರ್ ಬ್ಲಾಗಿಗ ಯಾರಿದ್ದಾನೆ ಹೇಳಿ :) ಆದರೆ ಈ ಸಲ ನನ್ನ ಹತ್ತಿರ ಇನ್ನೊಂದು ನೆಪವೂ ಇದೆ. ನಾಲ್ಕು ತಿಂಗಳಿಂದ ರಾತ್ರಿ ಊಟವಾದ ಮೇಲೆ ನಾನು ರಾಗಿ ಚೀಲ ಎಸೆಯುತ್ತಿದ್ದೇನೆ.

ಶುರುವಾದದ್ದು ಹೀಗೆ. ಒಂದು ಮೀಟಿಂಗಿನಲ್ಲಿ ನಮ್ಮ ಮ್ಯಾನೇಜರ್ ಎಲ್ಲರ ಎದುರು, "ಇವನನ್ನ ನೋಡಿ, ಐದು ಮಾಡ್ಯೂಲ್ ಒಟ್ಟಿಗೆ ಜಗಲ್ ಮಾಡ್ತಾ ಇದಾನೆ" ಅಂದರು. ಹೊಗಳಿಕೆಯೇ. ಆದರೆ ಆ ವಾರ ನಾನು ಮೂರು ರಾತ್ರಿ ಸರಿಯಾಗಿ ಮಲಗಿರಲಿಲ್ಲ. ಐದರಲ್ಲಿ ಎರಡು ಆಗಲೇ ನೆಲಕ್ಕೆ ಬಿದ್ದಾಗಿತ್ತು, ಇನ್ನೂ ಯಾರಿಗೂ ಸದ್ದು ಕೇಳಿಸಿರಲಿಲ್ಲ ಅಷ್ಟೆ. ಅವತ್ತು ಮನೆಗೆ ಬಂದವನು, ಈ ಜಗಲ್ ಅನ್ನೋದು ನಿಜವಾಗಿ ಏನು ನೋಡೇ ಬಿಡೋಣ ಅಂತ ಮೂರು ಮೂಸಂಬಿ ತಗೊಂಡು ನಿಂತೆ. ಒಡೆದವನ್ನು ತಿಂದೆ. ಮೂಸಂಬಿ ಮುಗಿದ ಮೇಲೆ ಟೆನ್ನಿಸ್ ಚೆಂಡು. ಅವು ಪ್ರತಿ ಸಲವೂ ಮಂಚದ ಕೆಳಗೇ ಹೋಗಿ ಕೂರುತ್ತಿದ್ದವು. ಕೊನೆಗೆ ಅಮ್ಮ ಹಳೇ ದಿಂಬಿನ ಬಟ್ಟೆಯಲ್ಲಿ ಮೂರು ಪುಟ್ಟ ಚೀಲ ಹೊಲಿದು, ಒಂದೊಂದರಲ್ಲೂ ಒಂದೊಂದು ಹಿಡಿ ರಾಗಿ ತುಂಬಿ ಕೊಟ್ಟರು. ಬಿದ್ದರೆ ಬಿದ್ದಲ್ಲೇ ಇರುತ್ತವೆ. ಯಾರಾದರೂ ಕಲಿಯುವವರಿದ್ದರೆ ರಾಗಿ ಚೀಲವನ್ನೇ ಶಿಫಾರಸು ಮಾಡುತ್ತೇನೆ.

ಮೂರು ವಾರ ಕಳೆದರೂ ನನ್ನ ಕೈ ಮೂರು-ನಾಲ್ಕು ಎಸೆತಕ್ಕಿಂತ ಮುಂದೆ ಹೋಗಲಿಲ್ಲ. ನಮ್ಮ ಟೀಮಿನಲ್ಲಿ ಈ ವಿದ್ಯೆ ಬಲ್ಲ ಹಿರಿಯರೊಬ್ಬರಿದ್ದಾರೆ. ಕ್ಯಾಂಟೀನಿನ ಪಕ್ಕ ನನ್ನ ಅವತಾರ ನೋಡಿ ಅವರು ಹೇಳಿದ್ದು ಒಂದೇ ಮಾತು: "ಎಷ್ಟು ಅವಸರ ಮಾಡ್ತೀಯೋ! ನಿಧಾನ ಮಾಡು."

"ನಿಧಾನ ಮಾಡಿದ್ರೆ ಬಿದ್ದು ಹೋಗುತ್ತಲ್ಲ ಸಾರ್?"

"ಬೀಳ್ತಿರೋದೇ ಅವಸರಕ್ಕೆ."

ಇಂಥ ವೇದಾಂತ ನನಗೆ ಸರಿಬರುವುದಿಲ್ಲ. ನಿಧಾನ ಅಂದರೆ ಎಷ್ಟು ನಿಧಾನ? ಗುರುತ್ವಾಕರ್ಷಣೆ ಯಾರ ಮಾತನ್ನೂ ಕೇಳುವುದಿಲ್ಲ, ಎಸೆದ ಚೆಂಡು ತನ್ನ ಸಮಯಕ್ಕೆ ಕೆಳಗೆ ಬಂದೇ ಬರುತ್ತದೆ. ಹಾಗಿದ್ದ ಮೇಲೆ ಅತಿ ನಿಧಾನಕ್ಕೂ ಒಂದು ಮಿತಿ ಇರಬೇಕು, ಅತಿ ವೇಗಕ್ಕೂ ಇರಬೇಕು. ಅದನ್ನು ಯಾರಾದರೂ ಲೆಕ್ಕ ಹಾಕಿದ್ದಾರಾ ಅಂತ ಹುಡುಕುತ್ತಾ ಹೋದೆ. ಉತ್ತರ ಸಿಕ್ಕಿದ್ದು ನಾನು ಕಾಲೇಜಿನಲ್ಲಿ ಹೆದರಿ ಹೆದರಿ ಪಾಸು ಮಾಡಿದ್ದ ಪೇಪರಿನ ಮೂಲಪುರುಷನ ಹತ್ತಿರ. ಆದರೆ ಅವನಲ್ಲಿಗೆ ಹೋಗುವ ಮುಂಚೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ತುಂಬಾ ಹಿಂದಕ್ಕೆ.

ಈಜಿಪ್ಟಿನಲ್ಲಿ ನೈಲ್ ನದಿಯ ದಂಡೆಯ ಮೇಲೆ ಬೆನಿ ಹಸನ್ ಅಂತ ಒಂದು ಜಾಗ. ಬಂಡೆ ಕೊರೆದು ಮಾಡಿದ ಸಮಾಧಿಗಳಿವೆ. ಅದರಲ್ಲಿ 15ನೇ ನಂಬರಿನ ಸಮಾಧಿಯ ಗೋಡೆಯ ಮೇಲೆ ಚೆಂಡು ಆಡಿಸುತ್ತಿರುವ ಹೆಂಗಸರ ಚಿತ್ರವಿದೆ. ಹತ್ತಿರ ಹತ್ತಿರ 4000 ವರ್ಷ ಹಳೆಯದು. ಒಬ್ಬಳಂತೂ ಕೈಗಳನ್ನು ಅಡ್ಡ ಕಟ್ಟಿಕೊಂಡು ಆಡಿಸುತ್ತಿದ್ದಾಳೆ! (ನಾನಿನ್ನೂ ನೇರ ಕೈಯಲ್ಲೇ ಒದ್ದಾಡುತ್ತಿದ್ದೇನೆ.) ಆಟದ ಬಗ್ಗೆ ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಚಿತ್ರ ಇದೇ ಅನ್ನುತ್ತಾರೆ. ಚಿತ್ರದಲ್ಲಿ ಚೆಂಡು ಎಷ್ಟು ಅಂತ ಎಣಿಸಬಹುದು. ಆದರೆ ಆ ಹೆಂಗಸರ ಕೈ ಎಷ್ಟು ವೇಗವಾಗಿ ಓಡುತ್ತಿತ್ತು? ಗೋಡೆ ಹೇಳುವುದಿಲ್ಲ.

ಜೆರುಸಲೇಮಿನಲ್ಲೂ ಇದೇ ಕಥೆ. ಮೊದಲನೇ ಶತಮಾನದ ರಬ್ಬಾನ್ ಶಿಮೋನ್ ಬೆನ್ ಗಮ್ಲಿಯೇಲ್ ಎಂಬ ದೊಡ್ಡ ಯಹೂದಿ ವಿದ್ವಾಂಸರು ಹಬ್ಬದ ದಿನ ದೇವಾಲಯದಲ್ಲಿ ಎಂಟು ಉರಿಯುವ ಪಂಜುಗಳನ್ನು ಒಂದಕ್ಕೊಂದು ತಾಗದ ಹಾಗೆ ಎಸೆದು ಹಿಡಿಯುತ್ತಿದ್ದರಂತೆ. ತಾಲ್ಮುದ್ ಗ್ರಂಥದಲ್ಲಿ ಬರುತ್ತದೆ. ಅದೇ ಜಾಗದಲ್ಲಿ ಎಂಟು ಚಾಕು ಎಸೆದವರಿದ್ದಾರೆ, ದ್ರಾಕ್ಷಾರಸ ತುಂಬಿದ ಎಂಟು ಲೋಟ ಎಸೆದವರಿದ್ದಾರೆ. ಇನ್ನೊಬ್ಬರು ಎಸೆದದ್ದು ಎಂಟು ಮೊಟ್ಟೆ, ಕೆಲವರ ಪ್ರಕಾರ ನಾಲ್ಕೇ ಮೊಟ್ಟೆ. ಈ "ಕೆಲವರ ಪ್ರಕಾರ" ನನಗೆ ತುಂಬಾ ಇಷ್ಟವಾಯ್ತು. ಯಾವ ಕಾಲದಲ್ಲೂ ಪಕ್ಕದಲ್ಲಿ ನಿಂತು ಎಣಿಸುವವನೊಬ್ಬ ಇದ್ದೇ ಇರುತ್ತಾನೆ. ಎಣಿಕೆಯನ್ನು ಜನ ನೆನಪಿಟ್ಟುಕೊಂಡರು, ಲಯವನ್ನು ಬರೆದಿಡಲಿಲ್ಲ.

ಒಂದು ಕಡೆ ಮಾತ್ರ, ಬರೆದವರಿಗೇ ಗೊತ್ತಿಲ್ಲದೆ, ಲಯವೂ ಉಳಿದುಕೊಂಡಿದೆ. ಚೀನಾದ ಚು ರಾಜ್ಯದಲ್ಲಿ ಸುಮಾರು 2500 ವರ್ಷದ ಹಿಂದೆ ಯಿಲಿಯಾವೋ ಎಂಬ ವೀರನಿದ್ದ. ಅವನು ಗುಂಡು ಆಡಿಸುತ್ತಿದ್ದ ಸಂಗತಿ ಚುವಾಂಗ್ ತ್ಸು ಗ್ರಂಥದಲ್ಲೇ ಬರುತ್ತದೆ. ನಂತರದವರು ಅದಕ್ಕೆ ಕಥೆ ಸೇರಿಸಿದ್ದಾರೆ: ಸೋಂಗ್ ರಾಜ್ಯದ ಜೊತೆ ಯುದ್ಧ ನಡೆಯುವಾಗ ಇವನು ಸೈನ್ಯದ ಮುಂದೆ ಬಂದು ಒಂಬತ್ತು ಗುಂಡುಗಳನ್ನು ಆಡಿಸತೊಡಗಿದನಂತೆ. ಎದುರಿನ ಸೈನಿಕರು ಕತ್ತಿ ಇಳಿಸಿ ಬಾಯಿ ಬಿಟ್ಟುಕೊಂಡು ನೋಡುತ್ತಾ ನಿಂತರಂತೆ, ಚು ಗೆದ್ದಿತಂತೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಆ ಕಥೆಯಲ್ಲಿ ಒಂದು ವಿವರವಿದೆ. ಯಾವಾಗಲೂ ಎಂಟು ಗಾಳಿಯಲ್ಲಿ ಇರುತ್ತಿದ್ದವು, ಒಂದು ಕೈಯಲ್ಲಿ ಇರುತ್ತಿತ್ತು ಅಂತ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ 1810ರ ದಶಕದ ಲಂಡನ್ನಿಗೆ ಬರೋಣ. ಅಲ್ಲಿ ನಮ್ಮವರೊಬ್ಬರು ಸಿಗುತ್ತಾರೆ.

ಇಂಡಿಯಾದಿಂದ ಹೋದ ಒಂದು ತಂಡ ಆಗ ಪಾಲ್ ಮಾಲ್ ಬೀದಿಯಲ್ಲಿ ಟಿಕೆಟ್ ಇಟ್ಟು ಪ್ರದರ್ಶನ ಕೊಡುತ್ತಿತ್ತು. ಹಿತ್ತಾಳೆ ಚೆಂಡು ಆಡಿಸುವುದು, ಕತ್ತಿ ನುಂಗುವುದು, ಕುದುರೆ ಕೂದಲಿನಲ್ಲಿ ಮಣಿ ಪೋಣಿಸುವುದು, ಅದೂ ಬಾಯಿಯೊಳಗೆ ನಾಲಿಗೆಯಿಂದ. ಈ ಆಟಗಳಲ್ಲಿ ಹೆಸರು ಮಾಡಿದವನನ್ನು ಅಲ್ಲಿನವರು ರಾಮೋ ಸಾಮಿ ಅಂತ ಕರೆದರು. ರಾಮಸ್ವಾಮಿಯೇ ಇರಬೇಕು ಅಲ್ವಾ? ಹೆಸರು ಕೇಳಿದರೆ ನಮ್ಮ ದಕ್ಷಿಣದ ಯಾವುದೋ ಬೀದಿಯಲ್ಲಿ "ಏ ರಾಮಸ್ವಾಮೀ" ಅಂತ ಕೂಗಿದ ಹಾಗೇ ಇದೆ. ಇಂಗ್ಲೆಂಡಿನಲ್ಲೇ ನೆಲೆಸಿದ, ಅಮೆರಿಕಕ್ಕೂ ಹೋಗಿ ಆಟ ತೋರಿಸಿ ಬಂದ. ದಶಕಗಳ ಕಾಲ ಆ ಹೆಸರು ಅಲ್ಲಿ ಮನೆಮಾತಾಗಿತ್ತು.

ಇಂಗ್ಲಿಷ್ ಪ್ರಬಂಧಕಾರ ವಿಲಿಯಂ ಹ್ಯಾಝ್ಲಿಟ್ ಈ ಆಟ ನೋಡಿ ಬಂದು ಒಂದು ದೊಡ್ಡ ಪ್ರಬಂಧ ಬರೆದ. 'ಟೇಬಲ್ ಟಾಕ್' ಸಂಕಲನದಲ್ಲಿ 1821ರಲ್ಲಿ ಬಂತು. ಅದರಲ್ಲಿರುವ ಕೈ ರಾಮೋ ಸಾಮಿಯದೇ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಬಿಳಿ ಬಟ್ಟೆ ತೊಟ್ಟು ನೆಲದ ಮೇಲೆ ಕೂತು ಮೊದಲು ಎರಡು ಹಿತ್ತಾಳೆ ಚೆಂಡು. ಇದನ್ನು ನಾವು ಯಾರು ಬೇಕಾದರೂ ಮಾಡಬಹುದು ಅನ್ನುತ್ತಾನೆ ಹ್ಯಾಝ್ಲಿಟ್. ಕೊನೆಗೆ ನಾಲ್ಕು. ಅದನ್ನು ಜೀವಮಾನವೆಲ್ಲ ಕೂತರೂ ನಮ್ಮಲ್ಲಿ ಯಾರಿಗೂ ಮಾಡಲಾಗದು ಅನ್ನುತ್ತಾನೆ. ಚೆಂಡುಗಳನ್ನು ಕಕ್ಷೆಯಲ್ಲಿ ತಿರುಗುವ ಗ್ರಹಗಳಿಗೆ ಹೋಲಿಸುತ್ತಾನೆ. ಆಮೇಲೆ ಅವನಿಗೆ ನಾಚಿಕೆಯಾಗುತ್ತದೆ. ಇವನು ಮಾಡುವಷ್ಟು ಚೆನ್ನಾಗಿ ನಾನು ಏನನ್ನಾದರೂ ಮಾಡಬಲ್ಲೆನಾ ಅಂತ ಕೇಳಿಕೊಂಡು, ತನ್ನ ಪ್ರಬಂಧಗಳಲ್ಲಿರುವ ತಪ್ಪುಗಳನ್ನೆಲ್ಲ ನೆನೆದು ಕೊರಗುತ್ತಾನೆ. ಚೆಂಡಿನವನ ತಪ್ಪು ಆ ಕ್ಷಣಕ್ಕೇ ಗೊತ್ತಾಗುತ್ತದೆ, ಬೀಳುತ್ತದೆ. ಬರೆಯುವವನ ತಪ್ಪು ಹಾಗೆ ಬೀಳುವುದಿಲ್ಲ. (ಕೋಡ್ ಬರೆಯುವವನದ್ದು ಶುಕ್ರವಾರ ರಾತ್ರಿ ಹನ್ನೊಂದಕ್ಕೆ ಬೀಳುತ್ತದೆ.)

ಇಷ್ಟಾದ ಮೇಲೆ ಹ್ಯಾಝ್ಲಿಟ್ ನಿಧಾನಕ್ಕೆ ದಿಕ್ಕು ಬದಲಿಸಿ, ಇದು ಬರೀ ಕೈಯ ಅಭ್ಯಾಸ, ದೊಡ್ಡತನ ಅನ್ನುವುದು ಬೇರೆ ಎಂಬ ಕಡೆಗೆ ಹೊರಳುತ್ತಾನೆ. ಅಲ್ಲಿ ನನಗೂ ಅವನಿಗೂ ಜಗಳ. ರಾಮೋ ಸಾಮಿ ಸತ್ತದ್ದು 1850ರಲ್ಲಿ, ಲಂಡನ್ನಿನಲ್ಲಿ. ಮಣ್ಣು ಮಾಡಲೂ ಮನೆಯಲ್ಲಿ ದುಡ್ಡಿರಲಿಲ್ಲ. ಹೆಂಡತಿ ಪತ್ರಿಕೆಯ ಮೂಲಕ ಸಹಾಯ ಬೇಡಬೇಕಾಯಿತು. ನಾಲ್ಕು ಹಿತ್ತಾಳೆ ಚೆಂಡು ನೋಡಿ ಬೆರಗಾದ ಒಂದು ಪ್ರಬಂಧವನ್ನು ಇನ್ನೂರು ವರ್ಷದಿಂದ ಇಂಗ್ಲಿಷ್ ಓದುವವರು ಓದುತ್ತಲೇ ಇದ್ದಾರೆ. ಅದನ್ನು ಬರೆಸಿದ ಕೈಯ ನಿಜವಾದ ಹೆಸರನ್ನು ನಾನು ಊಹಿಸಿ ಹೇಳಬೇಕಾಗಿದೆ.

ಇರಲಿ. ಈಗ ಲೆಕ್ಕಕ್ಕೆ ಬರುತ್ತೇನೆ.

ಕ್ಲಾಡ್ ಶಾನನ್ ಹೆಸರು ಇಂಜಿನಿಯರಿಂಗ್ ಓದಿದವರಿಗೆ ಗೊತ್ತಿರುತ್ತದೆ. ಹುಟ್ಟಿದ್ದು 1916, ಅಮೆರಿಕದ ಮಿಷಿಗನ್‌ನಲ್ಲಿ. 21ರ ಹರೆಯದಲ್ಲಿ ಎಂಐಟಿಯಲ್ಲಿ ಬರೆದ ಸ್ನಾತಕೋತ್ತರ ಪ್ರಬಂಧದಲ್ಲಿ, ಸ್ವಿಚ್ಚುಗಳ ಸರ್ಕ್ಯೂಟು ತರ್ಕಶಾಸ್ತ್ರದ ಹೌದು-ಅಲ್ಲಗಳನ್ನು ಲೆಕ್ಕ ಮಾಡಬಲ್ಲದು ಅಂತ ತೋರಿಸಿದ. 1948ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿದ್ದಾಗ ಸಂವಹನದ ಗಣಿತ ಸಿದ್ಧಾಂತ ಪ್ರಕಟಿಸಿದ. 'ಬಿಟ್' ಅನ್ನುವ ಪದ ಅಚ್ಚಿಗೆ ಬಂದದ್ದು ಅದರಲ್ಲೇ. ನಾವು ಕಳಿಸುವ ಪ್ರತಿ ಮೆಸೇಜಿನ ಹಿಂದೆ ಈ ಮನುಷ್ಯನಿದ್ದಾನೆ. ಬೆಲ್ ಲ್ಯಾಬ್ಸ್‌ನ ಕಾರಿಡಾರಿನಲ್ಲಿ ಒಂದೇ ಚಕ್ರದ ಸೈಕಲ್ ಹೊಡೆಯುತ್ತಿದ್ದ, ಚೆಂಡು ಆಡಿಸುತ್ತಿದ್ದ. ನಮ್ಮ ಲೆಕ್ಚರರ್ ಎಂಟ್ರಪಿ ಸೂತ್ರ ಬರೆಸುವಾಗ ಇದನ್ನೊಂದು ಹೇಳಿದ್ದಿದ್ದರೆ ನಾನು ಇನ್ನೂ ಹತ್ತು ಮಾರ್ಕ್ಸ್ ಜಾಸ್ತಿ ತೆಗೆಯುತ್ತಿದ್ದೆ.

1980ರ ಸುಮಾರಿಗೆ ಶಾನನ್ ಜಗ್ಲಿಂಗ್‌ನ ವಿಜ್ಞಾನದ ಬಗ್ಗೆ ಒಂದು ಲೇಖನ ಬರೆದ. ಆಗ ಅದು ಪ್ರಕಟವಾಗಲಿಲ್ಲ. 1993ರಲ್ಲಿ ಅವನ ಸಮಗ್ರ ಲೇಖನಗಳ ಸಂಪುಟ ಬಂದಾಗ ಅದರಲ್ಲಿ ಸೇರಿತು. ಅಷ್ಟಕ್ಕೇ ನಿಲ್ಲದೆ ಅಳತೆಯನ್ನೂ ಮಾಡಿದ್ದ. ಆಟಗಾರರ ಬೆರಳುಗಳಿಗೆ ತಾಮ್ರದ ಜಾಲರಿ ತೊಡಿಸಿ, ಚೆಂಡುಗಳಿಗೆ ಲೋಹದ ಹಾಳೆ ಸುತ್ತಿ, ಚೆಂಡು ಕೈಗೆ ಬಂದಾಗ ಸರ್ಕ್ಯೂಟು ಕೂಡುವಂತೆ, ಬಿಟ್ಟಾಗ ಕಡಿಯುವಂತೆ ಮಾಡಿ ಸಮಯ ಎಣಿಸಿದ. ನೋಡಿ, ಮತ್ತೆ ಸ್ವಿಚ್ಚು! ಕೈ ತುಂಬಿದೆ ಅಥವಾ ಖಾಲಿ ಇದೆ, ಒಂದು ಅಥವಾ ಸೊನ್ನೆ.

ಅವನ ಸೂತ್ರ ಅರ್ಥವಾಗಬೇಕಾದರೆ ನಮ್ಮ ಕಲ್ಲಾಟ ನೆನಪಿಸಿಕೊಂಡರೆ ಸಾಕು. ಅಕ್ಕಂದಿರು ಜಗಲಿ ಮೇಲೆ ಕೂತು ಆಡುತ್ತಿದ್ದ ಐದು ಕಲ್ಲಿನ ಆಟ. ನಮ್ಮ ಕಡೆ ಅಣ್ಣೆಕಲ್ಲು ಅಂತಾರೆ, ನಿಮ್ಮೂರಲ್ಲಿ ಬೇರೆ ಹೆಸರಿರಬಹುದು. ಒಂದು ಕಲ್ಲು ಮೇಲೆ ಹಾರಿಸಿ, ಅದು ಬರುವಷ್ಟರಲ್ಲಿ ಕೆಳಗಿನದ್ದನ್ನು ಬಾಚಿ, ಬಂದದ್ದನ್ನು ಹಿಡಿಯಬೇಕು. ನಾಲ್ಕು ಕಲ್ಲು ಒಟ್ಟಿಗೆ ಬಾಚುವಾಗ ನಮ್ಮ ದೊಡ್ಡಮ್ಮನ ಮಗಳು ಕಲ್ಲನ್ನು ಜಾಸ್ತಿ ಮೇಲಕ್ಕೆ ಎಸೆಯುತ್ತಿದ್ದಳು. ಯಾಕೆಂದರೆ ಗಾಳಿಯಲ್ಲಿರುವಷ್ಟು ಹೊತ್ತೇ ಕೈಗೆ ಬಿಡುವು. ಒಂದು ಮೀಟರ್ ಎತ್ತರ ಎಸೆದರೆ ಹೋಗಿ ಬರಲು ಸುಮಾರು 0.9 ಸೆಕೆಂಡು. ಅವಸರದಲ್ಲಿ ಕಾಲು ಮೀಟರ್ ಎಸೆದರೆ ಅದರ ಅರ್ಧ, 0.45 ಸೆಕೆಂಡು ಮಾತ್ರ. ನಾನು ಮಾಡುತ್ತಿದ್ದ ತಪ್ಪು ಇದೇ! ಗಾಬರಿಗೆ ಕೆಳಗೆ ಕೆಳಗೆ ಎಸೆದು, ಇದ್ದ ಸಮಯವನ್ನೂ ಕಳೆದುಕೊಂಡು, ಇನ್ನಷ್ಟು ಗಾಬರಿಯಾಗುತ್ತಿದ್ದೆ.

ಶಾನನ್ ಮೂರು ಕಾಲಗಳನ್ನು ಹೆಸರಿಸುತ್ತಾನೆ. ಚೆಂಡು ಗಾಳಿಯಲ್ಲಿರುವ ಕಾಲ, ಚೆಂಡು ಕೈಯಲ್ಲಿರುವ ಕಾಲ, ಕೈ ಖಾಲಿ ಇರುವ ಕಾಲ. ಇವನ್ನು ಗಾಳಿ, ಹಿಡಿತ, ಖಾಲಿ ಅಂತ ಕರೆಯೋಣ. ಸೂತ್ರ ಇಷ್ಟೇ:

(ಗಾಳಿ + ಹಿಡಿತ) × ಕೈಗಳ ಸಂಖ್ಯೆ = (ಖಾಲಿ + ಹಿಡಿತ) × ಚೆಂಡುಗಳ ಸಂಖ್ಯೆ

ಹೆದರಬೇಡಿ. ಎಡಗಡೆ ಇರುವುದು ಚೆಂಡಿನ ದಿನಚರಿ: ಹಾರು, ಕೂರು, ಹಾರು, ಕೂರು. ಬಲಗಡೆ ಕೈಯ ದಿನಚರಿ: ತುಂಬು, ಖಾಲಿಯಾಗು. ಒಂದು ನಿಮಿಷದಲ್ಲಿ ಎಷ್ಟು ಎಸೆತವಾಯ್ತು ಅಂತ ಚೆಂಡುಗಳನ್ನು ಕೇಳಿದರೂ ಕೈಗಳನ್ನು ಕೇಳಿದರೂ ಒಂದೇ ಉತ್ತರ ಬರಬೇಕಲ್ಲ? ಒಂದೇ ವ್ಯಾಪಾರ, ಎರಡು ಲೆಕ್ಕದ ಪುಸ್ತಕ. ಅಷ್ಟರಿಂದಲೇ ಸೂತ್ರ ಹುಟ್ಟುತ್ತದೆ.

ಇದರಿಂದ ನನ್ನ ಪ್ರಶ್ನೆಗೂ ಉತ್ತರ ಸಿಕ್ಕಿತು. ಎಸೆಯುವ ಎತ್ತರ ಬದಲಿಸದೆ ಲಯ ಮಾತ್ರ ಬದಲಿಸುತ್ತೇನೆ ಅನ್ನಿ. ಅತಿ ವೇಗ ಅಂದರೆ ಬಂದ ಚೆಂಡನ್ನು ಮುಟ್ಟಿದ ಕ್ಷಣಕ್ಕೇ ಮೇಲೆ ಕಳಿಸುವುದು, ಕಾದ ಕಾವಲಿಯಂತೆ, ಹಿಡಿತ ಸೊನ್ನೆ. ಅತಿ ನಿಧಾನ ಅಂದರೆ ಮುಂದಿನದ್ದು ಅಂಗೈಗೆ ತಾಗುವ ಕೊನೆ ಗಳಿಗೆಯವರೆಗೂ ಕೈಯಲ್ಲಿರುವುದನ್ನು ಬಿಡದೇ ಇರುವುದು, ಖಾಲಿ ಸೊನ್ನೆ. ಎರಡು ಕೈ, ಮೂರು ಚೆಂಡು, ಒಂದು ಮೀಟರ್ ಎತ್ತರಕ್ಕೆ ಲೆಕ್ಕ ಹಾಕಿದರೆ ಒಂದು ಕೈಯ ಒಂದು ಸುತ್ತು 0.6 ಸೆಕೆಂಡಿನಿಂದ 1.8 ಸೆಕೆಂಡಿನವರೆಗೆ ಎಷ್ಟು ಬೇಕಾದರೂ ಇರಬಹುದು. ಮೂರು ಪಟ್ಟು ಜಾಗ! ಮನುಷ್ಯರು ಈ ಎರಡು ತುದಿಯನ್ನೂ ಮುಟ್ಟುವುದಿಲ್ಲ. ಪೀಟರ್ ಬೀಕ್ ಮತ್ತು ಆರ್ಥರ್ ಲೂಬೆಲ್ 1995ರಲ್ಲಿ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ ಬರೆದಂತೆ, ನುರಿತವರ ಕೈ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಹೊತ್ತು ತುಂಬಿಯೇ ಇರುತ್ತದೆ.

ನಾಲ್ಕು ಚೆಂಡಿಗೆ ಈ ಮೂರು ಪಟ್ಟು ಎರಡು ಪಟ್ಟಾಗುತ್ತದೆ. ಐದಕ್ಕೆ ಒಂದೂಮುಕ್ಕಾಲಿಗೂ ಕಡಿಮೆ. ಒಂಬತ್ತಕ್ಕೆ 1.29. ಚೆಂಡಿನ ಸಂಖ್ಯೆಯನ್ನು, ಚೆಂಡಿನಿಂದ ಕೈಗಳನ್ನು ಕಳೆದ ಸಂಖ್ಯೆಯಿಂದ ಭಾಗಿಸಿದರೆ ಸಾಕು, ಉತ್ತರ ಬರುತ್ತದೆ. ನಾನು ಕ್ಯಾಲ್ಕುಲೇಟರ್ ಹಿಡಿದು ಕೂತಾಗ ಇನ್ನೊಂದು ವಿಷಯ ಕಂಡಿತು. ಒಂದು ಮೀಟರ್ ಎತ್ತರದಲ್ಲಿ ಐದು ಚೆಂಡಿನ ಅತಿ ನಿಧಾನದ ಸುತ್ತು ಎಷ್ಟು ಗೊತ್ತಾ? 0.6 ಸೆಕೆಂಡು. ಅಂದರೆ ಮೂರರಲ್ಲಿ ಯಾವುದು ಅತಿ ವೇಗವೋ, ಐದರಲ್ಲಿ ಅದೇ ಅತಿ ನಿಧಾನ. ಮೂರು ಚೆಂಡಿನವನು ಪ್ರಾಣ ಬಿಟ್ಟು ಓಡಿದರೆ ಎಲ್ಲಿ ತಲುಪುತ್ತಾನೋ, ಐದು ಚೆಂಡಿನವನು ಅಲ್ಲಿಂದಲೇ ಶುರು ಮಾಡಬೇಕು.

ಇದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನೆನಪಿಗೆ ಬಂದದ್ದು ಆ ಐದು ಮಾಡ್ಯೂಲ್.

ಹಾಗಾದರೆ ಐದು ಆಡಿಸುವವರು ಏನು ಮಾಡುತ್ತಾರೆ? ಎತ್ತರಕ್ಕೆ ಎಸೆಯುತ್ತಾರೆ. ಕೈಯ ಲಯ ಮೂರರದ್ದೇ ಇರಬೇಕು, ಸುತ್ತಿನಲ್ಲಿ ಅರವತ್ತು ಪರ್ಸೆಂಟ್ ಕೈ ತುಂಬಿರಬೇಕು ಅಂದರೆ, ಎತ್ತರ ಸುಮಾರು ನಾಲ್ಕೂವರೆ ಪಟ್ಟು ಆಗಬೇಕು. ಮೂರನ್ನು ಅರ್ಧ ಮೀಟರಿಗೆ ಎಸೆಯುತ್ತಿದ್ದವನು ಐದನ್ನು ಎರಡು ಕಾಲು ಮೀಟರಿಗೆ ಎಸೆಯಬೇಕು. ಅಲ್ಲಿ ಬೇರೆ ಕಷ್ಟ. ಎತ್ತರ ಹೆಚ್ಚಿದಂತೆ ಕೈ ಒಂದು ಕೂದಲೆಳೆ ಓರೆಯಾದರೂ ಚೆಂಡು ಬಂದು ಬೀಳುವುದು ಪಕ್ಕದ ಮನೆಯಲ್ಲಿ. ಸಮಯ ಸಿಕ್ಕಿತು, ಗುರಿ ಹೋಯಿತು. ನಮ್ಮ ಮನೆಯಲ್ಲಂತೂ ಮೇಲೆ ಫ್ಯಾನ್ ಬೇರೆ.

ಈಗ ಚೀನಾದ ಯಿಲಿಯಾವೋನನ್ನು ಕರೆಯೋಣ. ಎಂಟು ಗಾಳಿಯಲ್ಲಿ, ಒಂದು ಕೈಯಲ್ಲಿ. ಎರಡು ಕೈಗಳಿರುವಾಗ ಸರಾಸರಿ ಒಂದೇ ಗುಂಡು ಕೈಯಲ್ಲಿದೆ ಅಂದರೆ ಪ್ರತಿ ಕೈಯೂ ಸರಿಯಾಗಿ ಅರ್ಧ ಹೊತ್ತು ತುಂಬಿ, ಅರ್ಧ ಹೊತ್ತು ಖಾಲಿ ಇತ್ತು ಅಂತಾಯಿತು. ಇಂದಿನ ಆಟಗಾರರು ಇರುವ ಕಡೆಗಿಂತ ಕೊಂಚ ವೇಗದ ಬದಿಯಲ್ಲಿದ್ದಾನೆ, ಆದರೆ ಮನುಷ್ಯನಿಗೆ ಆಗದ್ದೇನಲ್ಲ. ಬರೆದವನು ಬಹುಶಃ ಶೋಭೆಗೆ ಬರೆದ ವಾಕ್ಯ. ಇಷ್ಟು ಕಾಲದ ಮೇಲೆ ನೋಡಿದರೆ ಅದರಲ್ಲಿ ಒಂದು ಅಳತೆ ಕೂತಿದೆ. ಬೆನಿ ಹಸನ್ ಗೋಡೆ ಕೊಡದ್ದನ್ನು ಈ ಕಥೆ ಕೊಟ್ಟಿದೆ. ಒಂಬತ್ತು ಚೆಂಡಿನ ಕೈಗೆ ಸಿಗುವ ಸ್ವಾತಂತ್ರ್ಯ 1.29 ಅಂತ ಗೊತ್ತಾದ ಮೇಲೆ ಎದುರಾಳಿ ಸೈನಿಕರ ಮೇಲೂ ಸ್ವಲ್ಪ ಗೌರವ ಬಂತು. ನಾನಾಗಿದ್ದರೂ ಕತ್ತಿ ಇಳಿಸಿ ನೋಡುತ್ತಿದ್ದೆ.

ಇಪ್ಪತ್ತನೇ ಶತಮಾನದ ಆಟಗಾರರಲ್ಲಿ ಎರಡು ದಾರಿ ಕಾಣುತ್ತದೆ. ಒಂದು ಎನ್ರಿಕೋ ರಾಸ್ತೆಲ್ಲಿಯದು. 1896ರಲ್ಲಿ ರಷ್ಯಾದ ಸಮಾರಾದಲ್ಲಿ ಹುಟ್ಟಿದ ಇಟಾಲಿಯನ್, ಸರ್ಕಸ್ ಮನೆತನ. ಹತ್ತು ಚೆಂಡು ಆಡಿಸುತ್ತಿದ್ದ. ಹತ್ತಕ್ಕೆ ಶಾನನ್ ಲೆಕ್ಕದಲ್ಲಿ ಉಳಿಯುವ ಜಾಗ 1.25 ಪಟ್ಟು, ಉಸಿರಾಡಲೂ ಸಾಲದು. 1931ರಲ್ಲಿ, ಇನ್ನೂ 35 ತುಂಬುವ ಮೊದಲೇ ತೀರಿಕೊಂಡ. ಅದೇ ದಾರಿಯಲ್ಲಿ ಮುಂದೆ ಹೋದವರು ಬಹಳ. 2017ರಲ್ಲಿ ಇಂಗ್ಲೆಂಡಿನ ಅಲೆಕ್ಸ್ ಬ್ಯಾರನ್ 14 ಚೆಂಡುಗಳನ್ನು ಒಂದೊಂದು ಸಲ ಎಸೆದು ಒಂದೊಂದು ಸಲ ಹಿಡಿದ. ಒಂದೇ ಸುತ್ತು.

ಇನ್ನೊಂದು ದಾರಿ ಜರ್ಮನಿಯ ಫ್ರಾನ್ಸಿಸ್ ಬ್ರುನ್‌ನದು. ಹುಟ್ಟಿದ್ದು 1922. 1948ರಲ್ಲಿ ರಿಂಗ್ಲಿಂಗ್ ಸರ್ಕಸ್ಸಿನೊಂದಿಗೆ ಅಮೆರಿಕಕ್ಕೆ ಹೋದಾಗ ಅವನ ಹೆಸರೇ ವೇಗಕ್ಕೆ. ತಂಗಿ ಲಾಟಿಯೂ ವೇಗಕ್ಕೇ ಹೆಸರಾದವಳು. ಅಂಥವನು ವಯಸ್ಸಾಗುತ್ತಾ ಆಗುತ್ತಾ ಒಂದೊಂದೇ ವಸ್ತುವನ್ನು ಕೆಳಗಿಟ್ಟ. ಕೊನೆಗೆ ಉಳಿದದ್ದು ಒಂದೇ ಚೆಂಡು, ಅದರ ಜೊತೆ ಸ್ಪ್ಯಾನಿಷ್ ಫ್ಲಮೆಂಕೋ ನೃತ್ಯದ ನಿಲುವು. ಆ ಒಂದು ಚೆಂಡು ಮೈಮೇಲೆಲ್ಲ ಹರಿದು ನಿಲ್ಲುವುದಕ್ಕೆ ವರ್ಷಗಟ್ಟಲೆ ಅಭ್ಯಾಸ ಬೇಕು. ನೋಡುವವರಿಗೆ ಅದು ಕಷ್ಟ ಅಂತಲೇ ಅನ್ನಿಸದೇ ಇರಬಹುದು. ಎಂಟು ಪಂಜು ಎಣಿಸಿದ ಜನ ಒಂದನ್ನು ಏನಂತ ಎಣಿಸಿಯಾರು? ಅವನು 2004ರಲ್ಲಿ ತೀರಿಕೊಂಡ. ಶಾನನ್ ಸೂತ್ರಕ್ಕೆ ಎರಡು ಕೈ, ಎರಡು ಚೆಂಡು ಹಾಕಿದರೆ ಭಾಗಿಸುವ ಕಡೆ ಸೊನ್ನೆ ಬರುತ್ತದೆ. ಕಂಪ್ಯೂಟರ್ ಎರರ್ ಕೊಡುತ್ತದೆ. ಆದರೆ ಇಲ್ಲಿ ಅದರ ಅರ್ಥ, ನಿಧಾನಕ್ಕೆ ಮಿತಿಯೇ ಇಲ್ಲ, ಬೇಕಾದರೆ ನಾಳೆ ಎಸೆಯಬಹುದು.

1986ರ 'ಲ್ಯಾಬರಿಂತ್' ಸಿನಿಮಾ ನೋಡಿದ್ದೀರಾ? ಡೇವಿಡ್ ಬೋವಿಯ ಅಂಗೈ ಮೇಲೆ ಗಾಜಿನ ಗೋಲಿಗಳು ನೀರಿನಂತೆ ಸುತ್ತುತ್ತವೆ. ಆ ಕೈ ಬೋವಿಯದ್ದಲ್ಲ. ಮೈಕೆಲ್ ಮಾಷೆನ್ ಎಂಬಾತ ಬೆನ್ನ ಹಿಂದೆ ಬಗ್ಗಿ ಕೂತು, ತನ್ನ ಕೈ ಮುಂದೆ ಚಾಚಿ, ಏನೂ ಕಾಣದೆ ಮಾಡಿದ್ದು. ಅಲ್ಲಿ ಗೋಲಿ ಕೈ ಬಿಟ್ಟು ಮೇಲೆ ಹಾರುವುದೇ ಇಲ್ಲ. ಗಾಳಿ ಸೊನ್ನೆ.

ಶಾನನ್ ಚೆಂಡು ಆಡಿಸುವ ಒಂದು ಯಂತ್ರವನ್ನೂ ಕಟ್ಟಿದ. ಮಕ್ಕಳು ಜೋಡಿಸಿ ಆಡುವ ಲೋಹದ ಪಟ್ಟಿಗಳ ಸೆಟ್ಟಿನಿಂದ. ಡಬ್ಲ್ಯೂ. ಸಿ. ಫೀಲ್ಡ್ಸ್ ಎಂಬ ಹಾಸ್ಯನಟನ ರೂಪ ಅದಕ್ಕೆ (ಆ ನಟ ಮೊದಲು ಜಗ್ಲರ್ ಆಗಿದ್ದವನು). ಮೂರು ಉಕ್ಕಿನ ಗುಂಡುಗಳನ್ನು ಬಿಗಿದು ಕಟ್ಟಿದ ಡ್ರಮ್ಮಿನ ಮೇಲೆ ಹಾಕಿ, ಪುಟಿದು ಬಂದದ್ದನ್ನು ಹಿಡಿಯುತ್ತದೆ. ಯಾಕೆ ಕೆಳಗೆ ಹಾಕುವುದು? ಪುಟಿದ ಚೆಂಡು ಕೈಗೆ ಬರುವುದು ತನ್ನ ದಾರಿಯ ತುತ್ತತುದಿಯಲ್ಲಿ, ಅಂದರೆ ಅದು ಅತಿ ನಿಧಾನವಾಗಿರುವ ಕ್ಷಣದಲ್ಲಿ. ಮೇಲೆ ಎಸೆದದ್ದು ಕೈಗೆ ಬರುವಾಗ ಅತಿ ವೇಗದಲ್ಲಿರುತ್ತದೆ. ಕಣ್ಣಿಲ್ಲದ ಯಂತ್ರಕ್ಕೆ ನಿಧಾನದ ಜಾಗವನ್ನೇ ಹುಡುಕಿ ಕೊಟ್ಟಿದ್ದಾನೆ.

1985ರಲ್ಲಿ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಇನ್ಫರ್ಮೇಶನ್ ಥಿಯರಿ ಸಮ್ಮೇಳನ. ವರ್ಷಗಳಿಂದ ಇಂಥ ಕಡೆ ಕಾಣಿಸಿಕೊಳ್ಳದಿದ್ದ ಶಾನನ್ ಅಲ್ಲಿಗೆ ಬಂದುಬಿಟ್ಟ. ಸುದ್ದಿ ಹರಡಿ ಎಲ್ಲರೂ ಬೆರಗಾದರು. ರಾತ್ರಿ ಔತಣದಲ್ಲಿ ಮಾತಾಡಲು ನಿಲ್ಲಿಸಿದರು. ಸ್ವಲ್ಪ ಮಾತಾಡಿ, ಜನಕ್ಕೆ ಬೇಜಾರಾಗುತ್ತಿದೆಯೇನೋ ಅಂತ ಅನ್ನಿಸಿ, ಜೇಬಿನಿಂದ ಮೂರು ಚೆಂಡು ತೆಗೆದು ಆಡಿಸತೊಡಗಿದನಂತೆ! ಸಭೆ ಚಪ್ಪಾಳೆ ಹೊಡೆದು, ಆಮೇಲೆ ಹಸ್ತಾಕ್ಷರಕ್ಕೆ ಸಾಲು ನಿಂತಿತು. ಅವನಿಗೆ ಆಗ 69. ಇಡೀ ಜಗತ್ತಿನ ಸಂದೇಶಗಳಿಗೆ ವೇಗದ ಮಿತಿ ಎಷ್ಟು ಅಂತ ಲೆಕ್ಕ ಹಾಕಿ ಕೊಟ್ಟ ಮನುಷ್ಯ, ಅಂಥ ಸಭೆಯಲ್ಲಿ, ಮೂರು ಚೆಂಡು.

ಕೊನೆಯ ವರ್ಷಗಳಲ್ಲಿ ಅವನಿಗೆ ಅಲ್ಝೈಮರ್ಸ್ ಬಂತು. ಇಂಟರ್‌ನೆಟ್ ಮನೆಮನೆಗೆ ಬರುತ್ತಿದ್ದಾಗ, ಅದಕ್ಕೆ ಬುನಾದಿ ಹಾಕಿದವನು ಮ್ಯಾಸಚೂಸೆಟ್ಸಿನ ಒಂದು ಆರೈಕೆ ಮನೆಯಲ್ಲಿ ಒಂದೊಂದೇ ನೆನಪನ್ನು ಕೆಳಗಿಡುತ್ತಿದ್ದ. 2001ರ ಫೆಬ್ರವರಿ 24ರಂದು ತೀರಿಕೊಂಡ. ಬ್ರುನ್ ತಾನಾಗಿ ಕೆಳಗಿಟ್ಟಿದ್ದ, ಇವನ ಕೈಯಿಂದ ಕಿತ್ತುಕೊಂಡರು. ಇದನ್ನು ಓದಿದ ರಾತ್ರಿ ಚೀಲ ಎಸೆಯಲು ಮನಸ್ಸಾಗಲಿಲ್ಲ.

ನನ್ನ ವಿಷಯ ಹೇಳಿ ಮುಗಿಸುತ್ತೇನೆ. ಹೋದ ತಿಂಗಳು ಮ್ಯಾನೇಜರ್ ಹತ್ತಿರ ಹೋಗಿ ಎರಡು ಮಾಡ್ಯೂಲ್ ಬೇರೆಯವರಿಗೆ ಕೊಡಿ ಅಂದೆ. ಕಾರಣ ಕೇಳಿದರು. ಶಾನನ್ ಕಥೆ ಹೇಳುವ ಧೈರ್ಯ ಬರಲಿಲ್ಲ, "ಬ್ಯಾಂಡ್‌ವಿಡ್ತ್ ಇಲ್ಲ ಸಾರ್" ಅಂದೆ. ಯೋಚಿಸಿ ನೋಡಿದರೆ ಅದೂ ಶಾನನ್ ಭಾಷೆಯೇ :) ಒಂದನ್ನು ತೆಗೆದುಕೊಂಡರು, ಇನ್ನೊಂದು ಇನ್ನೂ ಗಾಳಿಯಲ್ಲಿದೆ.

ರಾಗಿ ಚೀಲ ಈಗ ಅರವತ್ತು ಎಸೆತದವರೆಗೆ ಬಂದಿದೆ. ಎತ್ತರ ಎಸೆದು, ಬಂದದ್ದನ್ನು ಅಂಗೈಯಲ್ಲಿ ಕೂರಿಸಿಕೊಂಡು, ಮುಂದಿನದ್ದು ಇನ್ನೇನು ಬಂತು ಅನ್ನುವವರೆಗೆ ಕಾಯುವುದನ್ನು ಕಲಿಯುತ್ತಿದ್ದೇನೆ. ಆ ಕಾಯುವ ಗಳಿಗೆಯಲ್ಲೇ ಗಾಬರಿಯಾಗಿ ಬಿಟ್ಟುಬಿಡುತ್ತೇನೆ. ಒಂದು ಚೀಲದ ಹೊಲಿಗೆ ಬಿಟ್ಟು ಹಾಲ್ ತುಂಬಾ ರಾಗಿ. ಅಮ್ಮ ಎರಡನೇ ಸಲ ಹೊಲಿದು ಕೊಡುತ್ತಾ, "ಇನ್ನೊಂದು ಸಲ ಹರಿದರೆ ಇದೇ ರಾಗಿಯಲ್ಲಿ ಮುದ್ದೆ ಮಾಡಿ ಹಾಕ್ತೀನಿ" ಅಂದಿದ್ದಾರೆ. ಕೆಳಗಿನ ಮನೆಯವರು ಹತ್ತು ಗಂಟೆಯ ಮೇಲೆ ಧಪ್ ಧಪ್ ಸದ್ದು ಮಾಡಬೇಡಿ ಅಂತ ಎರಡು ಸಲ ಹೇಳಿ ಹೋದರು. ಈಗ ಒಂಬತ್ತೂಮುಕ್ಕಾಲು. ಬರ್ತೀನಿ, ಇನ್ನೂ ಕಾಲು ಗಂಟೆ ಇದೆ.